ರಸ್ತೆಯೇ ಕಣ, ಕಾರೇ ಎತ್ತು

ಐದು ನಕ್ಷತ್ರ, ಆರು ಏರ್‌ಬ್ಯಾಗ್, ಇಳಿದ ಜಿಎಸ್‌ಟಿ. ಷೋರೂಮಿನಲ್ಲಿ ಎಲ್ಲವೂ ಚೆಂದ. ಆದರೆ ಡಾಂಬರಿನ ಮೇಲೆ ಮೊಣಕಾಲುದ್ದ ಹುರುಳಿ ಹಾಸಿರುವ, ಕತ್ತಲಲ್ಲಿ ಮೆಕ್ಕೆಜೋಳದ ರಾಶಿ ಮಲಗಿರುವ, ಕ್ರೂಸರ್ ಜೀಪಿನ ಟಾಪಿನ ಮೇಲೂ ಜನ ಕೂರುವ ವಿಜಯನಗರ ಜಿಲ್ಲೆಯ ಕೋಗಳಿ ಸೀಮೆಗೆ ಬಂದರೆ ಆ ನಕ್ಷತ್ರಗಳು ಎಷ್ಟು ದೂರ ಬೆಳಕು ಕೊಟ್ಟಾವು?

ಬೆಳಗಿನ ಮಂಜು ಹರಿದು ಬಿಸಿಲು ಚುರುಕಾಗುವ ಹೊತ್ತು. ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆ ಹೊರಟಿದ್ದ ಬಾಡಿಗೆ ಕಾರು ಒಂದು ತಿರುವಿನಲ್ಲಿ ತಟ್ಟನೆ ನಿಧಾನವಾಯಿತು. ಮುಂದೆ ರಸ್ತೆ ಕಾಣಲೊಲ್ಲದು. ಈ ಅಂಚಿನಿಂದ ಆ ಅಂಚಿನವರೆಗೆ ಕಿತ್ತು ಒಣಗಿಸಿದ ಹುರುಳಿ ಬಳ್ಳಿ. ಪಕ್ಕದಲ್ಲಿ ಸೀರೆ ಸೊಂಟಕ್ಕೆ ಸಿಕ್ಕಿಸಿ, ತಲೆಗೆ ಟವೆಲ್ ಸುತ್ತಿಕೊಂಡ ಹೆಂಗಸೊಬ್ಬಳು ಕವಲುಗೋಲು ಹಿಡಿದು ನಿಂತಿದ್ದಾಳೆ.

"ಯಮ್ಮಾ, ಒಂದು ಸೈಡಾದ್ರೂ ಬಿಡಬಾರ್ದಾ?" ಡ್ರೈವರ್ ಗ್ಲಾಸ್ ಇಳಿಸಿ ಕೇಳಿದ.

"ಸೈಡು ಬಿಟ್ರ ಎಲ್ಲಾರೂ ಸೈಡಿಗೇ ಹೊಕ್ಕಾರಪ್ಪಾ. ಕಾಯಿ ಒಡಿಯೋದು ಹೆಂಗ? ಮೆಲ್ಲಕ ಹೋಗು, ನಡುವ ನಿಂದ್ರಬ್ಯಾಡ."

ಕಾರು ಹಾದುಹೋಯಿತು. ಕೆಳಗೆ ಬಳ್ಳಿ ಉಜ್ಜುವ ಚರಚರ ಸದ್ದು. ಹುರುಳಿ ಮುಗಿದು ಡಾಂಬರು ಕಂಡ ಮೇಲೆ ಡ್ರೈವರ್ ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿದ. ಟವೆಲ್ ಹಾಸಿ ನೆಲಕ್ಕೆ ಮಲಗಿ ಕಾರಿನಡಿ ಕೈ ಹಾಕಿದ. ಮುಂದಿನ ಚಕ್ರದ ಶಾಫ್ಟಿಗೆ ಬಳ್ಳಿ ಹಗ್ಗದಂತೆ ಹೊಸೆದುಕೊಂಡಿತ್ತು. ಎಳೆದರೆ ಬರಲಿಲ್ಲ, ಜೇಬಿನ ಚಾಕುವಿನಿಂದ ಕೊಯ್ದು ತೆಗೆದ. ಸೈಲೆನ್ಸರ್ ಕೊಳವೆಯ ಮೇಲೆ ಸಿಕ್ಕಿದ್ದ ಒಂದು ಹಿಡಿ ಸೊಪ್ಪು ಆಗಲೇ ಕಂದುಗಟ್ಟಿ, ಸುಟ್ಟ ವಾಸನೆ ಬರುತ್ತಿತ್ತು.

ಆ ವಾಸನೆಯನ್ನು ಅವನು ಲಘುವಾಗಿ ತೆಗೆದುಕೊಳ್ಳಲಿಲ್ಲ. ಸರಿಯಾಗಿಯೇ ಮಾಡಿದ. ರಸ್ತೆ ಒಕ್ಕಣೆಯ ಹುರುಳಿಗೆ ಸಿಕ್ಕು ಕಾರುಗಳು ನಿಂತಲ್ಲೇ ಸುಟ್ಟ ಸುದ್ದಿ ರಾಜ್ಯದ ಒಂದಲ್ಲ ಒಂದು ಮೂಲೆಯಿಂದ ಸುಗ್ಗಿಯಲ್ಲಿ ಬರುತ್ತಲೇ ಇರುತ್ತದೆ.

ಬೆಂಕಿ ಎಲ್ಲಿಂದ ಬರುತ್ತದೆ?

ಬೋನೆಟ್ ಒಳಗಿಂದ ಅಂತ ಎಲ್ಲರೂ ಭಾವಿಸುತ್ತಾರೆ. ಹುರುಳಿಯ ವಿಷಯದಲ್ಲಿ ಬೆಂಕಿ ಹುಟ್ಟುವುದು ಕಾರಿನ ಹೊಟ್ಟೆಯಡಿ. ಹೊಗೆಯಲ್ಲಿನ ವಿಷ ಕಳೆಯಲೆಂದು ಸೈಲೆನ್ಸರ್ ದಾರಿಯಲ್ಲಿ ಕೂರಿಸಿರುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡುವುದೇ ಬಿಸಿಯಲ್ಲಿ: 400 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ಕೆಲವೊಮ್ಮೆ 700–800ರವರೆಗೂ. ಒಣ ಹುಲ್ಲು, ಸೊಪ್ಪು ಹೊತ್ತಿಕೊಳ್ಳಲು 300ರ ಆಸುಪಾಸು ಸಾಕು.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಇನ್ನೊಂದು ಸಂಗತಿಯಿದೆ. ಮಸಿ ಹಿಡಿಯುವ ಫಿಲ್ಟರ್ ತುಂಬಿದಾಗ ಕಾರು ತಾನಾಗಿಯೇ ಆ ಮಸಿಯನ್ನು ಸುಡುತ್ತದೆ. ಆಗ ಕೊಳವೆಯೊಳಗೆ 600 ಡಿಗ್ರಿಯ ಸುಮಾರು ಶಾಖ. ಅದು ಯಾವಾಗ ಶುರುವಾಯಿತೆಂದು ಓಡಿಸುವವನಿಗೆ ಗೊತ್ತೇ ಆಗದಿರಬಹುದು. ಒಣ ಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ ಎಂದು ಕಾರಿನ ಜತೆ ಬರುವ ಕೈಪಿಡಿಯಲ್ಲಿ ಬರೆದಿರುತ್ತದೆ. ಅದನ್ನು ಡ್ಯಾಷ್‌ಬೋರ್ಡಿನಿಂದ ಹೊರಗೆ ತೆಗೆದು ಓದಿದವರನ್ನು ನಾನಂತೂ ಕಂಡಿಲ್ಲ.

ಸಣ್ಣ ಕಾರುಗಳ ಹೊಟ್ಟೆ ನೆಲದಿಂದ 160–170 ಮಿಲಿಮೀಟರ್ ಎತ್ತರ, ಅಂದರೆ ಒಂದು ಗೇಣಿಗಿಂತಲೂ ಕಡಿಮೆ. ಮೊಣಕಾಲುದ್ದದ ಹುರುಳಿ ಹಾಸಿನೊಳಗೆ ಅದು ಮುಳುಗಿಯೇ ಹೋಗಬೇಕು. ರಾಗಿ, ನವಣೆಯ ಹುಲ್ಲು ಉದುರಿಹೋಗುತ್ತದೆ. ಬಳ್ಳಿ ಜಾತಿಯ ಹುರುಳಿ ಸುತ್ತಿಕೊಳ್ಳುತ್ತದೆ. ಅದೇ ಅಪಾಯ.

---

ಬಾಕ್ಸ್ 1: ಹುರುಳಿ ದಾಟುವಾಗ

ಹಾಸಿನ ನಡುವೆ ನಿಲ್ಲಬೇಡಿ, ಎಂಜಿನ್ ಆನ್ ಇಟ್ಟುಕೊಂಡು ಮಾತಿಗಂತೂ ನಿಲ್ಲಲೇಬೇಡಿ. ದಾಟಿದ ಮೇಲೆ ಬರಿ ನೆಲದಲ್ಲಿ ನಿಲ್ಲಿಸಿ, ಬಗ್ಗಿ ಚಕ್ರದ ಒಳಭಾಗ ಮತ್ತು ಸೈಲೆನ್ಸರ್ ಕೊಳವೆ ನೋಡಿ. ಬರಿಗೈ ಹಾಕಬೇಡಿ, ಕೊಳವೆ ಕಾದಿರುತ್ತದೆ. ಸುಟ್ಟ ವಾಸನೆ, ಹೊಗೆ ಕಂಡರೆ ಮೊದಲು ಮಕ್ಕಳು ಮರಿ ಇಳಿಯಲಿ, ಸಾಮಾನು ಆಮೇಲೆ. ಬೋನೆಟ್ ಪೂರ್ತಿ ಎತ್ತಿದರೆ ಗಾಳಿ ನುಗ್ಗಿ ಬೆಂಕಿ ಭುಗಿಲೇಳುತ್ತದೆ.

ಇನ್ನೊಂದು: ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಸುಟ್ಟ ನಿಮ್ಮ ಕಾರಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಬೆಂಕಿಯ ನಷ್ಟ ತುಂಬಿಕೊಡುವುದು ಜನ ‘ಫುಲ್ ಇನ್ಶೂರೆನ್ಸ್’ ಎನ್ನುವ ಸಮಗ್ರ ಪಾಲಿಸಿ.

---

ಕಣ ಎಲ್ಲಿಗೆ ಹೋಯಿತು?

ರಸ್ತೆಯಲ್ಲಿ ಒಕ್ಕುವವರನ್ನು ಬೈಯುವುದು ಸುಲಭ. ಕಾರಿನಲ್ಲಿ ಕೂತವರಿಗಂತೂ ಇನ್ನೂ ಸುಲಭ.

ಹಿಂದೆ ಈ ಸೀಮೆಯಲ್ಲಿ ಸುಗ್ಗಿಗೆ ಮುಂಚೆ ನೆಲ ಕೆತ್ತಿ, ನೀರು ಹೊಡೆದು, ಸೆಗಣಿ ಸಾರಿಸಿ ಕಣ ಮಾಡುತ್ತಿದ್ದರು. ನಡುವೆ ಮೇಟಿ ನೆಟ್ಟು ಎತ್ತು ಕಟ್ಟಿ ಹಂತಿ ಹೂಡುತ್ತಿದ್ದರು. ರಾತ್ರಿಯೆಲ್ಲ ಹಂತಿ ಹಾಡು ಕೇಳುತ್ತಿತ್ತು. ಈಗ ಎತ್ತು ಸಾಕುವ ಮನೆಗಳೇ ಕಡಿಮೆ. ಎತ್ತಿಲ್ಲದ ಮೇಲೆ ಹಂತಿಯಿಲ್ಲ, ಹಂತಿಯಿಲ್ಲದ ಮೇಲೆ ಕಣಕ್ಕೆ ಜಾಗ ಬಿಡುವವರಿಲ್ಲ. ಮೆಕ್ಕೆಜೋಳಕ್ಕೆ ಯಂತ್ರ ಬರುತ್ತದೆ. ಎರಡೆಕರೆ ಹುರುಳಿಗೆ ಯಾವ ಯಂತ್ರದವನೂ ಬರುವುದಿಲ್ಲ, ಬಂದರೂ ಬಾಡಿಗೆ ಹುಟ್ಟುವುದಿಲ್ಲ. ಹೀಗಿರುವಾಗ ಮನೆಮುಂದೆಯೇ ಸರ್ಕಾರ ಸಪಾಟಾದ, ಕರಿ ಬಣ್ಣದ, ಬಿಸಿಲು ಹಿಡಿದಿಡುವ ಜಾಗವೊಂದನ್ನು ಮಾಡಿಕೊಟ್ಟಿದೆ. ಅದರ ಮೇಲೆ ದಿನಕ್ಕೆ ನೂರಾರು ಚಕ್ರಗಳು ಬಿಟ್ಟಿಯಾಗಿ ಉರುಳುತ್ತವೆ. ಒಕ್ಕಲು ಮನೆತನದ ಲೆಕ್ಕದಲ್ಲಿ ಇದಕ್ಕಿಂತ ಅಗ್ಗದ ಎತ್ತು ಇನ್ನೆಲ್ಲಿ ಸಿಕ್ಕೀತು?

ಕಾನೂನು ಇದೆ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದರೆ ಹಳೆಯ ದಂಡ ಸಂಹಿತೆಯಲ್ಲಿ 200 ರೂಪಾಯಿ ದಂಡವಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಮು ಅದನ್ನು 5,000ಕ್ಕೆ ಏರಿಸಿದೆ. ಹುರುಳಿ ಬೆಳೆದವನಿಂದ 5,000 ವಸೂಲಿ ಮಾಡಿ ಊರೊಳಗೆ ಓಡಾಡುವ ಧೈರ್ಯ ಯಾವ ಪೊಲೀಸಪ್ಪನಿಗಿದೆಯೋ ನೋಡಬೇಕು. ದಂಡಕ್ಕಿಂತ ಕಣ ಕೆಲಸ ಮಾಡೀತು. ಉದ್ಯೋಗ ಖಾತರಿಯಲ್ಲಿ ಗ್ರಾಮ ಪಂಚಾಯಿತಿಗಳು ಒಕ್ಕಣೆ ಕಣ ಕಟ್ಟಿಸಿದ್ದುಂಟು. ಆದರೆ ಊರಿಗೊಂದು ಕಣ ಕಟ್ಟಿಸಿದರೆ ಸುಗ್ಗಿಯಲ್ಲಿ ಅದು ಯಾರ ಪಾಳಿಗೆ ಎಂಬ ಜಗಳ. ಕಣಕ್ಕೆ ಹಾಕಿದರೂ ತುಳಿಯಲು ಟ್ರ್ಯಾಕ್ಟರ್ ಬಾಡಿಗೆ ಬೇಕು. ರಸ್ತೆಯಲ್ಲಾದರೆ ಡೀಸೆಲ್ಲೂ ಪರರದು.

ಕತ್ತಲ ರಾಶಿ

ಹಗಲಿನ ಹುರುಳಿಗಿಂತ ರಾತ್ರಿಯ ಮೆಕ್ಕೆಜೋಳ ಕೆಟ್ಟದ್ದು. ಹರಪನಹಳ್ಳಿ, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ ಕಡೆ ಮೆಕ್ಕೆಜೋಳವೇ ದೊಡ್ಡ ಬೆಳೆ. ಕಾಳು ಒಣಗಿಸಲು ರಸ್ತೆಯ ಅರ್ಧಭಾಗ ಹೋಗುತ್ತದೆ. ಸಂಜೆ ಅದನ್ನು ಗುಡ್ಡೆ ಮಾಡಿ, ಕರಿ ತಾಡಪತ್ರಿ ಹೊದಿಸಿ, ಗಾಳಿಗೆ ಹಾರದಂತೆ ಸುತ್ತ ತಲೆಗಾತ್ರದ ಕಲ್ಲು ಇಡುತ್ತಾರೆ. ಕರಿ ರಸ್ತೆ, ಕರಿ ತಾಡಪತ್ರಿ, ಕರಿ ಕಲ್ಲು. ಎದುರಿನ ಲಾರಿ ಹೈಬೀಮ್ ಹಾಕಿಕೊಂಡು ಬಂತೆಂದರೆ ಕಾರಿನವನ ಕಣ್ಣಿಗೆ ಏನೂ ಇಲ್ಲ.

ರಾಶಿ ಮಾರಾಟವಾಗುತ್ತದೆ, ತಾಡಪತ್ರಿ ಮನೆಗೆ ಹೋಗುತ್ತದೆ. ಕಲ್ಲು ಮಾತ್ರ ಅಲ್ಲೇ. ಅವನ್ನು ಎತ್ತಿಹಾಕುವುದು ಯಾರ ಕೆಲಸ ಎಂದು ಇದುವರೆಗೆ ತೀರ್ಮಾನವಾಗಿಲ್ಲ. ಕಾರಿನವನಿಗೆ ಟೈರ್ ಹೋಗುತ್ತದೆ. ಬೈಕಿನವನಿಗೆ ಜೀವ.

ಹೆಚ್ಚು ಖರ್ಚಿಲ್ಲದ ಒಂದು ಉಪಾಯ ಇದೆ. ಇಲ್ಲಿ ಜನ ‘ರೇಡಿಯಂ’ ಎನ್ನುವ, ಬೆಳಕು ಬಿದ್ದರೆ ಮಿಂಚುವ ಪಟ್ಟಿಯನ್ನು ತಾಡಪತ್ರಿಯ ಅಂಚಿಗೂ ಟ್ರ್ಯಾಕ್ಟರಿನ ಟ್ರೇಲರಿಗೂ ಅಂಟಿಸುವುದು. ಟೇಲ್‌ಲೈಟೇ ಇಲ್ಲದ ಟ್ರೇಲರ್ ರಾತ್ರಿ ರಸ್ತೆಯಲ್ಲಿ ನಿಂತಿದ್ದರೆ ಹಿಂದಿನಿಂದ ಬಂದವನಿಗೆ ಅದು ಗೋಡೆ. ಗಾಡಿಯ ಹಿಂದೆ ದೇವರ ಹೆಸರು, ಮಕ್ಕಳ ಹೆಸರು ರೇಡಿಯಂನಲ್ಲೇ ಬರೆಸುತ್ತಾರೆ. ಇನ್ನೆರಡು ಅಡಿ ಪಟ್ಟಿಗೆ ಅಂಗಡಿಯವನು ಎಷ್ಟು ಕೇಳಿಯಾನು?

ನಕ್ಷತ್ರದ ಲೆಕ್ಕ

2025ರ ಸೆಪ್ಟೆಂಬರ್ 22ರಂದು ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದರ ಮೇಲಿದ್ದ ಸೆಸ್ಸೂ ಹೋಯಿತು. ನಾಲ್ಕು ಮೀಟರಿನೊಳಗಿನ ಉದ್ದ, ಪೆಟ್ರೋಲಾದರೆ 1,200 ಸಿಸಿ, ಡೀಸೆಲಾದರೆ 1,500 ಸಿಸಿಯೊಳಗಿನ ಎಂಜಿನ್ ಇದ್ದರೆ ಈ ಲಾಭ. ಜೀವಾವಧಿ ತೆರಿಗೆ ಹೆಚ್ಚಿರುವ ರಾಜ್ಯ ನಮ್ಮದು. ಆದರೂ ಬೈಕಿನಿಂದ ಕಾರಿಗೆ ಬರಬೇಕೆಂದಿದ್ದ ಎಷ್ಟೋ ಮನೆಗಳಿಗೆ ಇದು ಆಸೆ ಹುಟ್ಟಿಸಿದೆ. ಹೊಸ ಗಾಡಿಗೆ ಹೂವಿನ ಹಾರ ಹಾಕಿ ಕೊಟ್ಟೂರೇಶನ ಗುಡಿ ಮುಂದೆ ನಿಲ್ಲಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಮೊದಲ ಓಟ. ಅದೊಂದು ಹಬ್ಬ.

ಕಾರು ಮೊದಲಿಗಿಂತ ಗಟ್ಟಿಯಾಗಿರುವುದೂ ನಿಜ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಮ್ಮಲ್ಲಿ ಮನೆಮಾತಾಗಿದ್ದ ಐದು ಸಣ್ಣ ಕಾರುಗಳನ್ನು ಡಿಕ್ಕಿ ಹೊಡೆಸಿ ನೋಡಿತು. ಆಲ್ಟೊ, ಐ10, ನ್ಯಾನೊ, ಫಿಗೊ, ಪೋಲೊ. ಐದಕ್ಕೂ ಸೊನ್ನೆ. 2018ರ ಕೊನೆಗೆ ಟಾಟಾ ನೆಕ್ಸಾನ್ ಐದು ನಕ್ಷತ್ರ ಪಡೆದಾಗ ಅದೇ ದೊಡ್ಡ ಸುದ್ದಿ. 2019ರ ಜುಲೈನಿಂದ ಚಾಲಕನ ಏರ್‌ಬ್ಯಾಗ್, ಬೆಲ್ಟ್ ನೆನಪಿಸುವ ಬೀಪ್, ವೇಗ 80 ದಾಟಿದರೆ ಕೂಗುವ ಎಚ್ಚರಿಕೆ ಕಡ್ಡಾಯವಾದವು. ನಮ್ಮ ದೇಶದ್ದೇ ಡಿಕ್ಕಿ ಪರೀಕ್ಷೆ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರ್ 1ರಿಂದ ಶುರುವಾಯಿತು. 2025ರಲ್ಲಿ ಆಲ್ಟೊ ಕೆ10ಗೂ ಆರು ಏರ್‌ಬ್ಯಾಗ್ ಬಂದವು. ಒಂದು ದಶಕದಲ್ಲಿ ಇಷ್ಟು ದೂರ ಬಂದದ್ದನ್ನು ಹೊಗಳಲೇಬೇಕು.

ಆದರೆ ಆ ನಕ್ಷತ್ರ ಯಾವ ಡಿಕ್ಕಿಗೆ ಸಿಕ್ಕದ್ದು ಎಂದೂ ಕೇಳಬೇಕಲ್ಲ. ಮುಂದಿನ ಡಿಕ್ಕಿಯ ಪರೀಕ್ಷೆಯಲ್ಲಿ ಗಂಟೆಗೆ 64 ಕಿ.ಮೀ. ವೇಗದಲ್ಲಿ ಕಾರಿನ ಮೂತಿಯ ಶೇ 40 ಭಾಗ ಮಾತ್ರ ತಾಗುವಂತೆ ಒಂದು ಮೆತ್ತನೆಯ ಅಡ್ಡಗಟ್ಟೆಗೆ ಗುದ್ದಿಸುತ್ತಾರೆ. ಗೊಂಬೆಗಳೆಲ್ಲ ಬೆಲ್ಟ್ ಕಟ್ಟಿಕೊಂಡಿರುತ್ತವೆ. ಬೆಲ್ಟ್ ಕಟ್ಟದ ಗೊಂಬೆಯ ಮೇಲೆ ಪರೀಕ್ಷೆಯೇ ಇಲ್ಲ. ಚಿತ್ರದುರ್ಗ–ಹೊಸಪೇಟೆ ನಡುವಿನ ನಾಲ್ಕು ಪಥದ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕೂಡ್ಲಿಗಿ ದಾಟುವಾಗ 64ರಲ್ಲಿ ಹೋಗುವ ಕಾರನ್ನು ತೋರಿಸಿದವರಿಗೆ ಬಹುಮಾನ ಕೊಡಬಹುದು.

ಬೆಲ್ಟಿನ ಮಾತು ಬಂದರೆ ನಗು ಬರುತ್ತದೆ. ಬೀಪ್ ಸದ್ದು ಅಡಗಿಸಲು ಬರೀ ಕೊಕ್ಕೆಯೊಂದನ್ನು ಸಿಕ್ಕಿಸುವ ಕ್ಲಿಪ್ ಬಂದಿದೆ, ಅದರ ಮೇಲೆ ಕಂಪನಿಯ ಲಾಂಛನ ಬೇರೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲಿ ಆನ್‌ಲೈನ್ ಅಂಗಡಿಗಳಿಂದ ಇಂಥ 13,118 ಮಾರಾಟ ಪುಟಗಳನ್ನು ತೆಗೆಸಿತು. ಜೀವ ಉಳಿಸುವ ಸದ್ದನ್ನು ದುಡ್ಡು ಕೊಟ್ಟು ಬಾಯಿ ಮುಚ್ಚಿಸುವ ಜನ ನಾವು. 2022ರಲ್ಲಿ ಬೆಲ್ಟ್ ಹಾಕದೆ ಸತ್ತವರು ದೇಶದಲ್ಲಿ 16,715. ಅವರಲ್ಲಿ 8,331 ಮಂದಿ ಸ್ಟೀರಿಂಗ್ ಹಿಡಿದವರಲ್ಲ, ಪಕ್ಕದಲ್ಲೋ ಹಿಂದೆಯೋ ಕೂತವರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡದ್ದೂ ಹಿಂದಿನ ಸೀಟಿನಲ್ಲೇ, ಬೆಲ್ಟ್ ಇಲ್ಲದೆ.

ನಮ್ಮ ಕಡೆ ಹಿಂದಿನ ಸೀಟಿನ ಬೆಲ್ಟ್ ಸೀಟ್ ಕವರಿನಡಿ ಹೂತುಹೋಗಿರುತ್ತದೆ. ಮದುವೆಗೆ ಹೊರಟರೆ ಅಜ್ಜಿ, ಸೊಸೆ, ಅವಳ ತೊಡೆಯ ಮೇಲೊಂದು ಕೂಸು, ಕಾಲಡಿ ಅಕ್ಕಿ ಚೀಲ. ಬೆಲ್ಟ್ ಯಾರಿಗೆ ಕಟ್ಟಬೇಕು? ಮುಂದೆ ಅಪ್ಪನ ತೊಡೆಯ ಮೇಲೆ ನಿಂತ ಹುಡುಗ ಏರ್‌ಬ್ಯಾಗಿಗೆ ಒಂದು ಗೇಣು ದೂರದಲ್ಲಿರುತ್ತಾನೆ. ಅದು ಉಬ್ಬುವ ರಭಸಕ್ಕೆ ಆ ಮಗುವಿನ ಕುತ್ತಿಗೆ ತಡೆಯುವುದಿಲ್ಲ.

ಬೆಂಗಳೂರು ಬಿಟ್ಟ ಕಾರುಗಳು

ಹರಪನಹಳ್ಳಿ ಬಸ್ ನಿಲ್ದಾಣದ ಹೊರಗೆ ನಿಂತು ನಂಬರ್ ಪ್ಲೇಟ್ ನೋಡುವುದು ನನಗೊಂದು ಚಟ. ತಾಲ್ಲೂಕಿನ ಚರಿತ್ರೆಯೇ ಅಲ್ಲಿದೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋದ ಕಾಲದ ಕೆಎ 17, ತಿರುಗಿ ಬಳ್ಳಾರಿಗೆ ಬಂದು 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಮೇಲಿನ ಕೆಎ 35. ಇವೆರಡರ ನಡುವೆ ಬೆಂಗಳೂರಿನ ಕೆಎ 03, 04, 05, 51, 53 ಬೇಕಾದಷ್ಟು. ಅವುಗಳಲ್ಲಿ ಹಬ್ಬಕ್ಕೆ ಬಂದವು ಕೆಲವೇ. ಉಳಿದವು ಇಲ್ಲೇ ನೆಲೆನಿಂತವು, ಮೂರನೆಯ, ನಾಲ್ಕನೆಯ ಮಾಲೀಕನ ಕೈಯಲ್ಲಿ.

ಹೊಸ ಕಾರಿನ ಜಾಹೀರಾತು ಎಷ್ಟೇ ಬರಲಿ, ಈ ಸೀಮೆಯ ಎಷ್ಟೋ ಮನೆಗಳ ಮೊದಲ ಕಾರು ಸೆಕೆಂಡ್ಸ್. ಅಂದರೆ ಬಹಳಷ್ಟು ಸಲ ನಕ್ಷತ್ರಕ್ಕೂ ಏರ್‌ಬ್ಯಾಗಿಗೂ ಮುಂಚಿನ ಕಾರು. ಪೇಂಟ್ ಮಿಂಚುತ್ತದೆ, ಬಿಡಿಭಾಗಗಳ ಚರಿತ್ರೆ ಗೊತ್ತಿಲ್ಲ. ಕೊಂಡ ಮೇಲೆ ಮೊದಲು ಹಾಕಿಸುವುದು ಮುಂದೊಂದು ಕಬ್ಬಿಣದ ಗಾರ್ಡ್. ಡಿಕ್ಕಿಯ ಹೊಡೆತವನ್ನು ಮೂತಿ ಕುಗ್ಗಿ ನುಂಗಲೆಂದೇ ಕಾರನ್ನು ಕಟ್ಟಿರುತ್ತಾರೆ. ಗಾರ್ಡ್ ಆ ಹೊಡೆತವನ್ನು ನೇರವಾಗಿ ಒಳಗೆ ಕಳಿಸುತ್ತದೆ. ಎದುರು ಸಿಕ್ಕ ಪಾದಚಾರಿಯ ಪಾಡು ಹೇಳುವಂತಿಲ್ಲ. ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ಇದನ್ನು ತೆಗೆಸಿ ಎಂದು ರಾಜ್ಯಗಳಿಗೆ ಬರೆದಿದೆ.

---

ಬಾಕ್ಸ್ 2: ಸೆಕೆಂಡ್ಸ್ ಕಾರು ನೋಡುವಾಗ

ಕೀ ತಿರುಗಿಸಿದ ಕೂಡಲೇ ಏರ್‌ಬ್ಯಾಗ್ ದೀಪ ಹೊತ್ತಿ, ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ದೋಷ. ಹೊತ್ತಲೇ ಇಲ್ಲವೆಂದರೆ ಇನ್ನೂ ಅನುಮಾನ: ಹಿಂದೊಮ್ಮೆ ಉಬ್ಬಿದ ಬ್ಯಾಗನ್ನು ಬದಲಿಸದೆ ದೀಪವನ್ನೇ ಕಿತ್ತಿರಬಹುದು.

ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ಕೊನೆಯ ಒಂದು ಮೊಳದಲ್ಲಿ ಕೆಸರಿನ ಕಲೆ ಇದ್ದರೆ ಕಾರು ನೆರೆನೀರು ಕುಡಿದದ್ದು. ರಿಸೋಲ್ ಟೈರ್ ಹಾಕಿ ಮಾರುವವರೂ ಇದ್ದಾರೆ, ಅಂಚು ತಡವಿ ನೋಡಿ.

15 ವರ್ಷ ತುಂಬಿದ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ದಾಟಿದರೆ 2025ರಿಂದ 10,000.

---

ನಕ್ಷತ್ರವೇ ಇಲ್ಲದ ಗಾಡಿ

ಇಷ್ಟೆಲ್ಲ ಹೇಳಿದ ಮೇಲೂ ಈ ಸೀಮೆಯ ನಿಜವಾದ ಕಾರು ಕ್ರೂಸರ್. ಕಾರು ಕೊಳ್ಳದವರ ಕಾರು ಅದು. ಮದುವೆ ದಿಬ್ಬಣ, ಮೈಲಾರದ ಕಾರಣಿಕ, ಉಜ್ಜಿನಿಯ ಜಾತ್ರೆ, ಮೆಣಸಿನಕಾಯಿ ಬಿಡಿಸುವ ಕೂಲಿ, ಕಾಫಿ ಸೀಮೆಗೆ ಗುಳೆ, ಎಲ್ಲಕ್ಕೂ ಅದೇ. ಹಿಂದೆ ಎದುರುಬದುರು ಬೆಂಚು. ಅಡ್ಡ ಕೂತವರಿಗೆ ಬೆಲ್ಟ್ ಎಲ್ಲಿಂದ ಬರಬೇಕು? ಕಾಗದದಲ್ಲಿ ಹನ್ನೆರಡು ಹದಿಮೂರು ಸೀಟು. ಬೆಳಗಿನ ಕೂಲಿ ಹೊತ್ತಿಗೆ ಲೆಕ್ಕ ಹಾಕಿದರೆ ಅದರ ದುಪ್ಪಟ್ಟು, ಹಿಂದಿನ ಏಣಿಗೆ ಜೋತುಬಿದ್ದವರು ಬೇರೆ.

ಕಣ್ಣಿಗೆ ಬೀಳದ ವಿಷಯ ಇಲ್ಲಿದೆ. ಭಾರತ್ ಎನ್‌ಕ್ಯಾಪ್ ಪರೀಕ್ಷೆ ಇರುವುದು ಚಾಲಕನನ್ನು ಬಿಟ್ಟು ಎಂಟು ಸೀಟಿನೊಳಗಿನ ಕಾರಿಗೆ ಮಾತ್ರ, ಅದೂ ಕಂಪನಿ ತಾನಾಗಿ ಬಂದರೆ. ಏರ್‌ಬ್ಯಾಗ್ ಕಡ್ಡಾಯವೂ ಆ ವರ್ಗಕ್ಕೇ. ಹದಿಮೂರು ಸೀಟಿನ ಕ್ರೂಸರ್ ಆ ಲೆಕ್ಕದಿಂದ ಹೊರಗೆ. ನಾಲ್ಕು ಜನ ಕೂರುವ ಕಾರಿಗೆ ಆರು ಏರ್‌ಬ್ಯಾಗ್ ಬೇಕೇ ಎಂದು ದಿಲ್ಲಿಯಲ್ಲಿ ವರ್ಷಗಟ್ಟಲೆ ವಾದ ನಡೆಯಿತು, 2023ರಲ್ಲಿ ಕಡ್ಡಾಯ ಬೇಡವೆಂದಾಯಿತು. ಇಪ್ಪತ್ತೈದು ಜನ ಕೂರುವ ಗಾಡಿಯ ಮಾತು ಯಾರೂ ಎತ್ತಲಿಲ್ಲ.

2023ರ ಅಕ್ಟೋಬರ್ 9ರಂದು ಹರಪನಹಳ್ಳಿ ತಾಲ್ಲೂಕಿನ ಕೂಲಹಳ್ಳಿ ಗೋಣಿಬಸವೇಶ್ವರನ ದರ್ಶನ ಮಾಡಿ ಹೊಸಪೇಟೆಗೆ ಮರಳುತ್ತಿದ್ದ ಕುಟುಂಬದ ಕ್ರೂಸರ್, ಊರು ಇನ್ನೇನು ಬಂತು ಎನ್ನುವಾಗ ಹೆದ್ದಾರಿ 50ರಲ್ಲಿ ಟಿಪ್ಪರಿಗೆ ಸಿಕ್ಕಿತು. ಏಳು ಜನ ಹೋದರು. ಒಂದೇ ಮನೆತನದವರು. ಅಂಥ ಡಿಕ್ಕಿಯಲ್ಲಿ ಬೆಲ್ಟ್ ಇದ್ದರೂ ಏನಾಗುತ್ತಿತ್ತೋ ಹೇಳಲಾಗದು, ಟಿಪ್ಪರಿನ ತೂಕ ಅಂಥದ್ದು. ಆದರೆ ಗಣಿ ಟಿಪ್ಪರ್ ಮತ್ತು ಕ್ರೂಸರ್ ಒಂದೇ ರಸ್ತೆ ಹಂಚಿಕೊಳ್ಳುವ ಜಿಲ್ಲೆಯಲ್ಲಿ ಬರೀ ಕಾರಿನ ನಕ್ಷತ್ರ ಎಣಿಸಿ ಪ್ರಯೋಜನವಿಲ್ಲ.

ಕೊಟ್ಟೂರಿನ ತೇರಿನ ಹೊತ್ತಿಗೆ ಇದೇ ರಸ್ತೆಗಳಲ್ಲಿ ಇನ್ನೊಂದು ಪ್ರವಾಹ. ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯಿಂದ ಸಾವಿರಾರು ಜನ ನಡೆದು ಬರುತ್ತಾರೆ. ಬಿಸಿಲಿಗೆ ಹೆದರಿ ನಡೆಯುವುದು ರಾತ್ರಿಯೇ. ದಾರಿಯಲ್ಲಿ ಮಜ್ಜಿಗೆ, ಮಂಡಕ್ಕಿ, ಕಾಲಿಗೆ ಹಚ್ಚಲು ಎಣ್ಣೆ ಕೊಡುವ ಊರುಗಳಿವೆ. ಆ ಸೇವೆಯ ಟೇಬಲ್ಲಿನ ಮೇಲೆ ಒಂದು ಉಂಡೆ ರೇಡಿಯಂ ಪಟ್ಟಿಯೂ ಇದ್ದರೆ, ಪ್ರತಿ ಚೀಲದ ಬೆನ್ನಿಗೊಂದು ತುಂಡು ಅಂಟಿಸಿ ಕಳಿಸಬಹುದು. ಪಾದಯಾತ್ರಿಗಳು ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆದರೆ ಇನ್ನೂ ಒಳ್ಳೆಯದು.

---

ಬಾಕ್ಸ್ 3: ಆಗಬಾರದ್ದು ಆದಾಗ

ಕೂಡ್ಲಿಗಿಯಲ್ಲಿ ತಲೆಗೆ ಪೆಟ್ಟಾದರೆ ದೊಡ್ಡ ಆಸ್ಪತ್ರೆ ಎಂದರೆ ಬಳ್ಳಾರಿ ಅಥವಾ ದಾವಣಗೆರೆ. ಒಂದು ತಾಸಿಗೂ ಹೆಚ್ಚಿನ ದಾರಿ. ದುಡ್ಡಿಗಾಗಿ ಕಾಯಬೇಕಿಲ್ಲ: 2025ರ ಮೇ 5ರಿಂದ ಜಾರಿಯಾದ ಕೇಂದ್ರದ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಇದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸರು ಸಾಕ್ಷಿ ಹೇಳೆಂದು ಒತ್ತಾಯಿಸುವಂತಿಲ್ಲ. ಇಂಥವರ ರಕ್ಷಣೆಗೆ ಕಾನೂನು ಮಾಡಿದ ಮೊದಲ ರಾಜ್ಯ ಕರ್ನಾಟಕ.

---

ಹಾಗಾದರೆ ಮಿತಿಮೀರಿ ಜನ ತುಂಬಿದ ಕ್ರೂಸರನ್ನು ಹಿಡಿದು ದಂಡ ಹಾಕಿದರೆ ಸರಿಹೋಗುತ್ತದೆಯೇ? ಸಾರಿಗೆ ಇಲಾಖೆ ಆಗಾಗ ಹಾಗೆ ಮಾಡುತ್ತದೆ. ಮರುದಿನ ಕೂಲಿಯವರನ್ನು ಕರೆದೊಯ್ಯುವ ಮೇಸ್ತ್ರಿ ಒಳರಸ್ತೆ ಹಿಡಿಯುತ್ತಾನೆ, ಅಲ್ಲಿ ಹುರುಳಿ ಹಾಸಿರುತ್ತದೆ.

ಹಾಗೆಂದು ಬಸ್ಸಿಲ್ಲವೆಂದಲ್ಲ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ರಾಜ್ಯದ ಹೆಂಗಸರ ಟಿಕೆಟ್ಟಿಗೆ ದುಡ್ಡಿಲ್ಲ. ಹರಪನಹಳ್ಳಿ ಕಡೆಯ ತಾಂಡಾದ ಹೆಂಗಸರ ಎಲೆಅಡಿಕೆ ಚೀಲದಲ್ಲಿ ಆಧಾರ್ ಕಾರ್ಡ್ ಇದ್ದೇ ಇರುತ್ತದೆ. ಸಂತೆಗೆ, ಆಸ್ಪತ್ರೆಗೆ, ತವರಿಗೆ ಬಸ್ಸಿನಲ್ಲೇ ಹೋಗುತ್ತಾರೆ. ಕೂಲಿಗೆ ಮಾತ್ರ ಇವತ್ತಿಗೂ ಕ್ರೂಸರ್.

ಯಾಕೆಂದು ಕೇಳಿದೆ. ನಡುವಯಸ್ಸಿನ ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದಳು: "ಬಸ್ಸು ಬರೋದು ಒಂಬತ್ತಕ್ಕ. ಹೊಲದವರು ಕರಿಯೋದು ಏಳಕ್ಕ. ಎರಡು ತಾಸು ತಡ ಮಾಡಿದ್ರ ಅರ್ಧ ಕೂಲಿ ಹಿಡಿತಾರ. ನೀವು ಕೊಡ್ತೀರೇನು?"

ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳು ಜಾತ್ರೆಗೆ ವಿಶೇಷವಾಗಿ ಓಡುತ್ತವೆ, ತೇರು ಮುಗಿದ ರಾತ್ರಿಯೂ ಓಡುತ್ತವೆ. ಸುಗ್ಗಿಯ ಎರಡು ತಿಂಗಳು ಬೆಳಗಿನ ಐದೂವರೆಗೆ ತಾಂಡಾದಿಂದ ಒಂದು ಬಸ್ಸು ಬಿಡಲು ಅಡ್ಡಿ ಏನಿದೆ ಎಂಬುದನ್ನು ಡಿಪೊದಲ್ಲಿ ಕೂತವರೇ ಹೇಳಬೇಕು.